ಯೀಸ್ಟ್‌ಗೆ ಪ್ಲಾಸ್ಮಿಡ್ ಸೇರಿಸುವ ಹಾದಿ: ಅರ್ಜಿಯಿಂದ ಕಾಲೊನಿಯವರೆಗೆ

ಯೀಸ್ಟ್ ಕೋಶದೊಳಗೆ ಹೊರಗಿನ ಪ್ಲಾಸ್ಮಿಡ್ (ಉಂಗುರದಂಥ ಪುಟ್ಟ ಡಿಎನ್‌ಎ) ಸೇರಿಸುವ ವಿಧಾನವನ್ನು ಬರೆದರೆ ಅರ್ಧ ಪುಟ ಮೀರುವುದಿಲ್ಲ. ಕೋಶ ಬೆಳೆಸು, ತೊಳೆ, ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್), ಲಿಥಿಯಂ ಅಸಿಟೇಟ್, ಡಿಎನ್‌ಎ ಬೆರೆಸು, 42 ಡಿಗ್ರಿಯಲ್ಲಿಡು, ತಟ್ಟೆಗೆ ಹರಡು. ಬೆಂಚಿನ ಮುಂದೆ ಕೂರುವುದು ಒಂದೇ ದಿನ. ಆದರೆ ತಳಿ ತರಿಸುವುದರಿಂದ ಹಿಡಿದು, ಎದ್ದ ಕಾಲೊನಿಯಲ್ಲಿರುವುದು (ಒಂದು ಕೋಶದಿಂದ ಬೆಳೆದ ಗುಂಪಿನಲ್ಲಿರುವುದು) ನಮ್ಮ ಪ್ಲಾಸ್ಮಿಡ್ಡೇ ಎಂದು ಖಾತ್ರಿಯಾಗುವವರೆಗೆ ವಾರಗಟ್ಟಲೆ ಹಿಡಿಯುತ್ತದೆ. ಆ ಹಾದಿಯನ್ನು ಈಗಷ್ಟೇ ಮುಗಿಸಿರುವುದರಿಂದ, ಎಲ್ಲಿ ಕಾಯಬೇಕು, ಎಲ್ಲಿ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇವೆ. ಮೊದಲೇ ಒಂದು ಮಾತು: ಫಲಿತಾಂಶ ಬಹುಪಾಲು ತೀರ್ಮಾನವಾಗುವುದು ಟ್ಯೂಬು 42 ಡಿಗ್ರಿಗೆ ಹೋಗುವ ಮುನ್ನವೇ. ತಳಿಯ ವಂಶವಿವರದ (ಯಾವ ಜೀನುಗಳು ಕೆಟ್ಟಿವೆ ಎಂಬ) ಚೀಟಿಯಲ್ಲಿ, ತಟ್ಟೆಯ ಪುಡಿಯಲ್ಲಿ, ಪೆಗ್ ಬಾಟಲಿಯ ಮುಚ್ಚಳದಲ್ಲಿ.

ಇಲ್ಲಿ ಹೇಳುವುದೆಲ್ಲ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟಿನ ಬಗ್ಗೆ. 1978ರಲ್ಲಿ ಹಿನ್ನೆನ್, ಹಿಕ್ಸ್ ಮತ್ತು ಫಿಂಕ್ ಮೊದಲ ಬಾರಿಗೆ ಇದರೊಳಗೆ ಪ್ಲಾಸ್ಮಿಡ್ ಸೇರಿಸಿದಾಗ ಕೋಶದ ಗೋಡೆಯನ್ನು ಕಿಣ್ವದಿಂದ ಕರಗಿಸಬೇಕಾಗಿತ್ತು. ಗೋಡೆ ಕಳೆದುಕೊಂಡ ಕೋಶಗಳನ್ನು ಒಡೆಯದಂತೆ ಕಾಪಾಡಿ ಮತ್ತೆ ಗೋಡೆ ಕಟ್ಟಿಕೊಳ್ಳುವಂತೆ ಮಾಡುವುದು ದೊಡ್ಡ ತಲೆನೋವಿನ ಕೆಲಸ. 1983ರಲ್ಲಿ ಇಟೊ ಮತ್ತು ಸಂಗಡಿಗರು ಗೋಡೆ ಇರುವ ಕೋಶಗಳನ್ನೇ ಲಿಥಿಯಂ ಲವಣದಿಂದ ಸಿದ್ಧಪಡಿಸಬಹುದು ಎಂದು ತೋರಿಸಿದರು. ಗೀಟ್ಜ್ ಮತ್ತು ಶೀಸ್ಟ್ಲ್ ಅದಕ್ಕೆ ಒಂಟಿ ಎಳೆಯ ಕ್ಯಾರಿಯರ್ (ಸಹಾಯಕ) ಡಿಎನ್‌ಎ ಸೇರಿಸಿ ಪಳಗಿಸಿದ ರೂಪವೇ ಇಂದು ಹೆಚ್ಚಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ನಾವು ಅನುಸರಿಸಿದ್ದೂ ಅದನ್ನೇ.

ಕಾಗದಪತ್ರಗಳ ಹಂತ

ಎರಡು ಕಾಗದ ಮೊದಲೇ ಕೈಯಲ್ಲಿರಬೇಕು. ಒಂದು, ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ. ತಳಿ ಯಾವುದು, ಪ್ಲಾಸ್ಮಿಡ್ ಯಾವುದು, ಸೇರಿಸುವ ಜೀನ್ ಎಲ್ಲಿಂದ ಬಂದದ್ದು, ಕೊನೆಗೆ ಹೇಗೆ ನಾಶಪಡಿಸುತ್ತೀರಿ ಎಂಬ ನಾಲ್ಕು ಪ್ರಶ್ನೆಗೆ ಅರ್ಜಿಯಲ್ಲಿ ನೇರ ಉತ್ತರವಿದ್ದರೆ ಅದು ಮರಳಿ ಬರುವುದಿಲ್ಲ. ಎರಡನೆಯದು, ಪ್ಲಾಸ್ಮಿಡ್ಡನ್ನು ಭಂಡಾರದಿಂದ ತರಿಸುವುದಾದರೆ ವಸ್ತು ಹಸ್ತಾಂತರ ಒಪ್ಪಂದ. ಇದಕ್ಕೆ ಸಹಿ ಹಾಕಬೇಕಾದವರು ಸಂಸ್ಥೆಯ ಪರವಾಗಿ ಅಧಿಕಾರವುಳ್ಳ ಅಧಿಕಾರಿ. ಸಂಶೋಧಕರ ಸಹಿ ಅಥವಾ ಮಾರ್ಗದರ್ಶಕರ ಸಹಿ ಸಾಲದು. ನಿಮ್ಮಲ್ಲಿ ಆ ಅಧಿಕಾರಿ ಯಾರೆಂದು ಮೊದಲು ವಿಚಾರಿಸಿಕೊಂಡು ಆಮೇಲೆ ಬೇಡಿಕೆ ಸಲ್ಲಿಸಿ. ದೀರ್ಘ ಕಾಯುವಿಕೆ ಇಲ್ಲೇ ಇರುವುದು, ಮತ್ತು ಇಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲದಿರುವುದೇ ಹೆಚ್ಚು ಬೇಸರ ತರಿಸುತ್ತದೆ. ಆ ದಿನಗಳನ್ನು ದ್ರಾವಣ, ತಟ್ಟೆ ಸಿದ್ಧಪಡಿಸಲು ಬಳಸಿಕೊಳ್ಳಿ.

ಆ್ಯಡ್‌ಜೀನ್‌ನಂಥ ಭಂಡಾರದಿಂದ ಬರುವುದು ಶುದ್ಧ ಡಿಎನ್‌ಎ ಅಲ್ಲ, ಸಾಮಾನ್ಯವಾಗಿ ಅಗಾರಿಗೆ ಚುಚ್ಚಿದ ಇ. ಕೋಲಿ ಬ್ಯಾಕ್ಟೀರಿಯಾ. ಯೀಸ್ಟ್ ವಾಹಕಗಳು, ಅಂದರೆ ಜೀನ್ ಹೊತ್ತೊಯ್ಯುವ ಪ್ಲಾಸ್ಮಿಡ್‌ಗಳು, ಎರಡೂ ಜೀವಿಗಳಲ್ಲಿ ಬಾಳುವಂಥವು: ಬ್ಯಾಕ್ಟೀರಿಯಾದಲ್ಲಿ ಹೆಚ್ಚಿಸಿಕೊಂಡು ಯೀಸ್ಟಿಗೆ ಸಾಗಿಸುವುದು ಕ್ರಮ. ಆ್ಯಂಪಿಸಿಲಿನ್ ಇರುವ ತಟ್ಟೆಯಲ್ಲಿ ಗೆರೆ ಎಳೆದು, ಬಿಡಿ ಕಾಲೊನಿ ಆರಿಸಿ, ರಾತ್ರಿಯಿಡೀ ಬೆಳೆಸಿ, ಮಿನಿಪ್ರೆಪ್ ಮಾಡಿ (ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ಬೇರ್ಪಡಿಸಿ), ರಿಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸಿ ಜೆಲ್ಲಿನಲ್ಲಿ ಅಳತೆ ನೋಡಿ. ಈ ಪರೀಕ್ಷೆ ಬಿಟ್ಟು ಮುಂದೆ ಹೋಗಬೇಡಿ. ತಪ್ಪು ಪ್ಲಾಸ್ಮಿಡ್ ಯೀಸ್ಟಿನಲ್ಲಿ ಪತ್ತೆಯಾಗುವ ಹೊತ್ತಿಗೆ ಎರಡು ವಾರ ಕಳೆದಿರುತ್ತದೆ.

ತಳಿಗೂ ಮಾರ್ಕರಿಗೂ ಹೊಂದಾಣಿಕೆ

ಮಾರ್ಕರ್ ಎಂದರೆ ಪ್ಲಾಸ್ಮಿಡ್ ಪಡೆದ ಕೋಶವನ್ನು ಗುರುತಿಸಿಕೊಡುವ ಜೀನು. ತಳಿಯಲ್ಲಿ ಒಂದು ಪೋಷಕಾಂಶ ತಯಾರಿಸುವ ಜೀನು ಕೆಟ್ಟಿದ್ದು ಪ್ಲಾಸ್ಮಿಡ್ಡಿನಲ್ಲಿ ಅದು ಸರಿಯಿದ್ದರೆ, ಆ ಪೋಷಕಾಂಶ ಇಲ್ಲದ ತಟ್ಟೆಯಲ್ಲಿ ಪ್ಲಾಸ್ಮಿಡ್ ಪಡೆದ ಕೋಶಗಳಷ್ಟೇ ಬೆಳೆಯುತ್ತವೆ. ಪಿಆರ್‌ಎಸ್ ಸರಣಿಯ ವಾಹಕಗಳ ಸಂಖ್ಯೆಯಲ್ಲೇ ಅರ್ಥವಿದೆ. ಕೊನೆಯ ಅಂಕಿ ಮಾರ್ಕರ್ ಜೀನನ್ನು ಹೇಳುತ್ತದೆ: 3 ಎಂದರೆ ಹಿಸ್3 (ಹಿಸ್ಟಿಡಿನ್), 4 ಎಂದರೆ ಟ್ರಿಪ್1 (ಟ್ರಿಪ್ಟೊಫ್ಯಾನ್), 5 ಎಂದರೆ ಲ್ಯೂ2 (ಲ್ಯೂಸಿನ್), 6 ಎಂದರೆ ಯೂರಾ3 (ಯೂರಾಸಿಲ್). ನಡುವಿನ ಅಂಕಿ ಬಗೆಯನ್ನು ಹೇಳುತ್ತದೆ. ಪಿಆರ್‌ಎಸ್306 ತಾನಾಗಿ ದ್ವಿಗುಣಗೊಳ್ಳದು, ವರ್ಣತಂತುವಿನೊಳಗೆ ಸೇರಿಕೊಂಡರಷ್ಟೇ ಉಳಿಯುತ್ತದೆ. ಪಿಆರ್‌ಎಸ್316ರಲ್ಲಿ ಸೆಂಟ್ರೊಮಿಯರ್ (ಕೋಶ ಒಡೆಯುವಾಗ ಪ್ರತಿಗಳನ್ನು ಹಂಚುವ ಭಾಗ) ಇದೆ, ಕೋಶಕ್ಕೆ ಒಂದೆರಡು ಪ್ರತಿ. ಪಿಆರ್‌ಎಸ್426ರಲ್ಲಿ ಎರಡು ಮೈಕ್ರಾನ್ ಎಂಬ ದ್ವಿಗುಣಗೊಳ್ಳುವ ಮೂಲವಿದೆ, ಕೋಶಕ್ಕೆ ಹತ್ತಾರು ಪ್ರತಿ. ಜೀನಿನ ಸಹಜ ಮಟ್ಟದ ಕೆಲಸ ನೋಡಬೇಕಿದ್ದರೆ 316ರ ಬಗೆ ಸಾಕು. ಪ್ರೋಟೀನು ಹೇರಳವಾಗಿ ಬೇಕಿದ್ದರೆ 426. ಮೊದಲ ಬಾರಿ ಮಾಡುವವರು ಖಾಲಿ ಪಿಆರ್‌ಎಸ್316ರಿಂದ ಶುರುಮಾಡುವುದು ಲೇಸು, ಅದು ಸುಲಭವಾಗಿ ಒಳಹೋಗುತ್ತದೆ.

ಈಗ ತಳಿ. ಎಲ್ಲೆಡೆ ಸಿಗುವ ಬಿವೈ4741ರಲ್ಲಿ ಹಿಸ್3, ಲ್ಯೂ2, ಮೆಟ್15, ಯೂರಾ3 ಕೆಟ್ಟಿವೆ. ಟ್ರಿಪ್1 ಮಾತ್ರ ಸರಿಯಿದೆ. ಆದ್ದರಿಂದ ಟ್ರಿಪ್1 ಮಾರ್ಕರಿನ ವಾಹಕವನ್ನು ಈ ತಳಿಗೆ ಹಾಕಿದರೆ ಟ್ರಿಪ್ಟೊಫ್ಯಾನ್ ಇಲ್ಲದ ತಟ್ಟೆಯ ತುಂಬ ಯೀಸ್ಟ್ ಬೆಳೆಯುತ್ತದೆ, ಪ್ಲಾಸ್ಮಿಡ್ ಇರಲಿ ಬಿಡಲಿ. ಅಷ್ಟು ಕಾಲೊನಿ ಕಂಡು ಹಿಗ್ಗುವ ಮುನ್ನ ಡಿಎನ್‌ಎ ಹಾಕದ ತಟ್ಟೆಯನ್ನೂ ನೋಡಬೇಕು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಪಿಆರ್‌ಎಸ್306ನ್ನು ಯೂರಾ3 ಜೀನಿನೊಳಗೆ ಸ್ಟು-ವನ್ ಕಿಣ್ವದಿಂದ ಕತ್ತರಿಸಿ ಹಾಕಿದರೆ ಅದು ವರ್ಣತಂತುವಿನ ಯೂರಾ3 ಜಾಗಕ್ಕೆ ಸೇರಿಕೊಳ್ಳುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತದೆ. ಡಬ್ಲ್ಯೂ303 ತಳಿಯಲ್ಲಿ ಅದು ನಿಜ, ಏಕೆಂದರೆ ಅಲ್ಲಿ ಯೂರಾ3 ಒಂದು ಸಣ್ಣ ವಿಕೃತಿಯಿಂದ ಕೆಟ್ಟಿದೆಯೇ ಹೊರತು ಜೀನು ಅಲ್ಲೇ ಇದೆ. ಬಿವೈ4741ರಲ್ಲಾದರೋ ಆ ಜೀನನ್ನು ಪೂರ್ತಿ ತೆಗೆದುಹಾಕಲಾಗಿದೆ. ಕತ್ತರಿಸಿದ ತುದಿಗಳಿಗೆ ಜೋಡಿಯಾಗಲು ಹೋಲುವ ಜಾಗವೇ ಇಲ್ಲ. ಕಾಲೊನಿ ಬಾರದಿದ್ದಾಗ ಕೋಶಗಳನ್ನು ದೂರುತ್ತ ಕೂರುವ ಬದಲು ವಂಶವಿವರದಲ್ಲಿ ಜೀನಿನ ಹೆಸರಿನ ಮುಂದೆ ಡೆಲ್ಟಾ-ಸೊನ್ನೆ (ಪೂರ್ತಿ ತೆಗೆದ ಗುರುತು) ಇದೆಯೇ ಎಂದು ನೋಡಿ. ಇದ್ದರೆ ಬೇರೆ ಜಾಗದ ಹೋಲಿಕೆಯ ತುಣುಕನ್ನು ವಾಹಕಕ್ಕೆ ಸೇರಿಸಿ ಅದರೊಳಗೆ ಕತ್ತರಿಸಬೇಕು.

ಜೀನ್ ತೆಗೆದ ತಳಿಗಳ ಸಂಗ್ರಹದಿಂದ ತಂದ ಯೀಸ್ಟ್ ಆದರೆ ಇನ್ನೂ ಒಂದು ಎಚ್ಚರಿಕೆ: ಆ ತಳಿಗಳಲ್ಲಿ ತೆಗೆದ ಜೀನಿನ ಜಾಗದಲ್ಲಿ ಕಾನ್‌ಎಂಎಕ್ಸ್ ಎಂಬ ಮಾರ್ಕರ್ ಕೂತಿರುತ್ತದೆ. ಅವು ಈಗಾಗಲೇ ಜಿ418 ಎಂಬ ಪ್ರತಿಜೀವಕವನ್ನು ತಡೆದುಕೊಳ್ಳುತ್ತವೆ. ಅದೇ ಮಾರ್ಕರನ್ನು ಮತ್ತೆ ಬಳಸಲು ಬಾರದು, ಹೈಗ್ರೊಮೈಸಿನ್ ಅಥವಾ ನೌರ್ಸಿಯೊಥ್ರಿಸಿನ್ ಮಾರ್ಕರಿಗೆ ಹೋಗಬೇಕು.

ತಟ್ಟೆ, ದ್ರಾವಣ, ಖರ್ಚು

ಆಯ್ಕೆಯ ಮಾಧ್ಯಮಕ್ಕೆ ಲೀಟರಿಗೆ 6.7 ಗ್ರಾಂ ಅಮೈನೊ ಆಮ್ಲರಹಿತ ಯೀಸ್ಟ್ ನೈಟ್ರೊಜನ್ ಬೇಸ್, 20 ಗ್ರಾಂ ಗ್ಲೂಕೋಸ್, 20 ಗ್ರಾಂ ಅಗಾರ್, ಜೊತೆಗೆ ನಿಮ್ಮ ಮಾರ್ಕರಿಗೆ ತಕ್ಕ ಡ್ರಾಪ್‌ಔಟ್ ಪುಡಿ (ಮಾರ್ಕರಿನ ಪೋಷಕಾಂಶ ಒಂದನ್ನು ಬಿಟ್ಟು ಉಳಿದವು ಇರುವ ಪುಡಿ). ಆಟೋಕ್ಲೇವಿಗೆ ಹಾಕುವ ಮುನ್ನ ಪಿಎಚ್ ಸುಮಾರು 5.8ಕ್ಕೆ ತನ್ನಿ. ಈ ಮಾಧ್ಯಮ ತಾನಾಗಿ ಹುಳಿ, ಹುಳಿಯಲ್ಲಿ ಬೆಂದ ಅಗಾರ್ ಗಟ್ಟಿಯಾಗುವುದಿಲ್ಲ, ತಟ್ಟೆಯ ಮೇಲೆ ಹರಡುವಾಗ ಕಿತ್ತುಬರುತ್ತದೆ. ಗ್ಲೂಕೋಸನ್ನು ಬೇರೆಯಾಗಿ ಆಟೋಕ್ಲೇವ್ ಮಾಡಿ ಆಮೇಲೆ ಸೇರಿಸಿದರೆ ಮಾಧ್ಯಮ ಕಂದಾಗುವುದಿಲ್ಲ. ತಟ್ಟೆಗಳನ್ನು ಎರಡು ದಿನ ಮುಂಚೆ ಸುರಿದು ಒಣಗಲು ಬಿಡಿ. ಹಸಿ ತಟ್ಟೆಯಲ್ಲಿ ಕಾಲೊನಿಗಳು ಒಂದರೊಳಗೊಂದು ಹರಿದು ಸೇರಿಕೊಳ್ಳುತ್ತವೆ.

ಯೂರಾಸಿಲ್ ಇಲ್ಲದ ತಟ್ಟೆ ಮಾತ್ರ ಬೇಕಿದ್ದರೆ ದುಬಾರಿ ಡ್ರಾಪ್‌ಔಟ್ ಪುಡಿಯ ಬದಲು ಕ್ಯಾಸಮೈನೊ ಆಮ್ಲ ಬಳಸಬಹುದು, ಅದರಲ್ಲಿ ಯೂರಾಸಿಲ್ ಇರುವುದಿಲ್ಲ. ತಯಾರಿಕೆಯಲ್ಲಿ ಟ್ರಿಪ್ಟೊಫ್ಯಾನ್ ನಾಶವಾಗಿರುತ್ತದೆ, ಆದ್ದರಿಂದ ತಳಿಗೆ ಅದು ಬೇಕಿದ್ದರೆ ಬೇರೆಯಾಗಿ ಸೇರಿಸಿ. ಲ್ಯೂಸಿನ್, ಹಿಸ್ಟಿಡಿನ್ ಮಾರ್ಕರಿಗೆ ಈ ದಾರಿ ನಡೆಯದು, ಅವೆರಡೂ ಅದರಲ್ಲಿವೆ.

ಪ್ರತಿಜೀವಕದ ಆಯ್ಕೆ ದುಬಾರಿ. ಜಿ418 ಮಿಲಿಲೀಟರಿಗೆ 200 ಮೈಕ್ರೊಗ್ರಾಂ ಬೇಕು, ಅಗ್ಗದ ಕ್ಯಾನಮೈಸಿನ್ ಯೀಸ್ಟಿನ ಮೇಲೆ ಕೆಲಸ ಮಾಡುವುದಿಲ್ಲ. ಅಮೋನಿಯಂ ಸಲ್ಫೇಟ್ ಇರುವ ಮಾಧ್ಯಮದಲ್ಲಿ ಜಿ418 ಬಲಗುಂದುತ್ತದೆ. ಡ್ರಾಪ್‌ಔಟ್ ಜೊತೆಗೇ ಅದನ್ನು ಬಳಸಬೇಕಿದ್ದರೆ ಅಮೋನಿಯಂ ಸಲ್ಫೇಟ್ ಇಲ್ಲದ ಬೇಸ್ ತೆಗೆದುಕೊಂಡು ಲೀಟರಿಗೆ 1 ಗ್ರಾಂ ಮೊನೊಸೋಡಿಯಂ ಗ್ಲುಟಮೇಟ್ ಸೇರಿಸಿ. ಹಣ ಉಳಿಸಬೇಕೆನ್ನುವವರಿಗೆ ಪೋಷಕಾಂಶದ ಮಾರ್ಕರೇ ಸರಿ.

ದ್ರಾವಣಗಳಲ್ಲಿ ಎಚ್ಚರ ಬೇಡುವುದು ಪೆಗ್ 3350. ಶೇ 50ರ ದ್ರಾವಣಕ್ಕೆ 50 ಗ್ರಾಂ ಪುಡಿಯನ್ನು ಸುಮಾರು 35 ಮಿಲಿ ನೀರಿನಲ್ಲಿ ಬೆಚ್ಚಗೆ ಕಲಕುತ್ತ ಕರಗಿಸಿ, ಪೂರ್ತಿ ಕರಗಿದ ಮೇಲೆ ಅಳತೆ ಜಾಡಿಯಲ್ಲಿ 100 ಮಿಲಿಗೆ ತುಂಬಿಸಿ. ನೂರು ಮಿಲಿ ನೀರಿಗೆ 50 ಗ್ರಾಂ ಹಾಕಿದರೆ ಅದು ಶೇ 50 ಆಗುವುದಿಲ್ಲ, ತೆಳುವಾಗುತ್ತದೆ. ಕೊನೆಯ ಮಿಶ್ರಣದಲ್ಲಿ ಪೆಗ್ ಶೇ 33ರ ಆಸುಪಾಸಿನಲ್ಲಿರಬೇಕು, ಅದಕ್ಕಿಂತ ಇಳಿದರೆ ಕಾಲೊನಿಗಳ ಸಂಖ್ಯೆ ಕುಸಿಯುತ್ತದೆ. ಬಾಟಲಿಯ ಮುಚ್ಚಳ ಸಡಿಲವಿದ್ದು ನೀರು ಆವಿಯಾದರೂ ಸಾಂದ್ರತೆ ಏರಿ ಅದೇ ಗತಿ. ಹಳೆಯ ಬಾಟಲಿಯ ಮೇಲೆ ನಂಬಿಕೆ ಇಡಬೇಡಿ, ಚಿಕ್ಕ ಚಿಕ್ಕ ಬಾಟಲಿಗಳಲ್ಲಿ ಬಿಗಿಯಾಗಿ ಮುಚ್ಚಿಡಿ. ಲಿಥಿಯಂ ಅಸಿಟೇಟ್ 1 ಮೋಲಾರ್: ಡೈಹೈಡ್ರೇಟ್ ಪುಡಿ 10.2 ಗ್ರಾಂ, ನೀರಿನಿಂದ 100 ಮಿಲಿಗೆ. ಕ್ಯಾರಿಯರ್ ಎಂದರೆ ಸಾಲ್ಮನ್ ಮೀನಿನ ವೀರ್ಯದ ಡಿಎನ್‌ಎ, ಮಿಲಿಗೆ 2 ಮಿಲಿಗ್ರಾಂ. ಬಳಸುವ ಮುನ್ನ 5 ನಿಮಿಷ ಕುದಿಸಿ ತಕ್ಷಣ ಮಂಜುಗಡ್ಡೆಯಲ್ಲಿಡಬೇಕು. ಕುದಿಸಿದಾಗ ಎರಡು ಎಳೆ ಬೇರ್ಪಡುತ್ತವೆ, ನಿಧಾನವಾಗಿ ಆರಿಸಿದರೆ ಮತ್ತೆ ಅಂಟಿಕೊಳ್ಳುತ್ತವೆ. ಒಂಟಿ ಎಳೆಗಳು ಕೋಶದ ಗೋಡೆಯ ಮೇಲಿನ ಡಿಎನ್‌ಎ ಹಿಡಿಯುವ ಜಾಗಗಳನ್ನು ತಾವೇ ತುಂಬಿಕೊಂಡು ಪ್ಲಾಸ್ಮಿಡ್ಡನ್ನು ಒಳಹೋಗಲು ಬಿಡುತ್ತವೆ.

ಪ್ರಯೋಗದ ದಿನ

ಹಿಂದಿನ ಸಂಜೆ ತಾಜಾ ತಟ್ಟೆಯ ಒಂದು ಕಾಲೊನಿಯನ್ನು 5 ಮಿಲಿ ವೈಪಿಡಿ (ಆಯ್ಕೆ ಇಲ್ಲದ ಪೌಷ್ಟಿಕ) ಮಾಧ್ಯಮಕ್ಕೆ ಹಾಕಿ 30 ಡಿಗ್ರಿಯಲ್ಲಿ ಶೇಕರಿನ ಮೇಲಿಡಿ. ತಳಿಯಲ್ಲಿ ಏಡ್2 ಜೀನು ಕೆಟ್ಟಿದ್ದರೆ ಅಡೆನಿನ್ ಸೇರಿಸಿದ ಮಾಧ್ಯಮ ಬೇಕು, ಇಲ್ಲದಿದ್ದರೆ ಕೋಶಗಳು ಕೆಂಪು ಬಣ್ಣ ಕೂಡಿಟ್ಟುಕೊಳ್ಳುತ್ತವೆ, ಬೆಳವಣಿಗೆಯೂ ಸೊರಗುತ್ತದೆ.

ಬೆಳಿಗ್ಗೆ ಕೋಶಗಳನ್ನು ಎಣಿಸಿ. 50 ಮಿಲಿ ಬೆಚ್ಚಗಿನ ತಾಜಾ ವೈಪಿಡಿಗೆ ಮಿಲಿಗೆ 50 ಲಕ್ಷ ಕೋಶಗಳಾಗುವಷ್ಟು ರಾತ್ರಿ ಬೆಳೆದದ್ದನ್ನು ಹಾಕಿ, 2 ಕೋಟಿ ಆಗುವವರೆಗೆ ಬೆಳೆಸಿ. ಅಂದರೆ ಎರಡು ಬಾರಿ ಇಮ್ಮಡಿಯಾಗಬೇಕು. ಆರೋಗ್ಯವಂತ ತಳಿಗೆ ಮೂರರಿಂದ ಐದು ತಾಸು. ಈ ಅವಸ್ಥೆಯನ್ನು ತಪ್ಪಿಸಿ ರಾತ್ರಿಯಿಡೀ ಬೆಳೆದ ಕೋಶಗಳನ್ನೇ ಹಾಕಿದರೂ ಕಾಲೊನಿ ಬರುತ್ತವೆ, ಆದರೆ ಬಹಳ ಕಡಿಮೆ. ಕೈಯಲ್ಲಿ ಒಳ್ಳೆಯ ಪ್ಲಾಸ್ಮಿಡ್ ಇದ್ದು ನಾಲ್ಕಾರು ಕಾಲೊನಿ ಸಾಕೆನಿಸಿದರೆ ಸರಿ. ವರ್ಣತಂತುವಿಗೆ ಸೇರಿಸುವ ಕೆಲಸಕ್ಕೋ ಲೈಬ್ರರಿಗೋ (ಬೇರೆ ಬೇರೆ ಪ್ಲಾಸ್ಮಿಡ್‌ಗಳ ದೊಡ್ಡ ಸಂಗ್ರಹಕ್ಕೋ) ಅದು ಸಾಲದು. ಓಡಿ (ದ್ರವದ ಮಸುಕು ಅಳೆಯುವ) ಯಂತ್ರದ ಅಂಕಿಯನ್ನು ಕುರುಡಾಗಿ ನಂಬಬೇಡಿ. ಯಂತ್ರದಿಂದ ಯಂತ್ರಕ್ಕೆ, ತಳಿಯಿಂದ ತಳಿಗೆ ಓಡಿ 1ರ ಕೋಶಸಂಖ್ಯೆ ಬದಲಾಗುತ್ತದೆ. ಒಮ್ಮೆ ಹೀಮೊಸೈಟೋಮೀಟರಿನಲ್ಲಿ ಎಣಿಸಿ ನಿಮ್ಮ ಯಂತ್ರಕ್ಕೆ ಹೊಂದಿಸಿಕೊಂಡರೆ ಮುಂದೆಲ್ಲ ನಿಶ್ಚಿಂತೆ.

ಕೋಶ ಬೆಳೆಯುವ ಈ ಹೊತ್ತಿನಲ್ಲೇ ಟ್ಯೂಬುಗಳಿಗೆ ಹೆಸರು ಬರೆಯಿರಿ, ಕ್ಯಾರಿಯರ್ ಕುದಿಸಿ, ನೀರಿನ ತೊಟ್ಟಿಯನ್ನು 42 ಡಿಗ್ರಿಗೆ ಏರಿಸಿ.

ಸೆಂಟ್ರಿಫ್ಯೂಜಿನಲ್ಲಿ 3,000 ಜಿಯಲ್ಲಿ (ಗುರುತ್ವದ 3,000 ಪಟ್ಟು) 5 ನಿಮಿಷ ತಿರುಗಿಸಿ ಕೋಶ ಇಳಿಸಿ, ಮಾಧ್ಯಮ ಚೆಲ್ಲಿ, 25 ಮಿಲಿ ಶುದ್ಧ ನೀರಿನಲ್ಲಿ ತೊಳೆದು ಮತ್ತೆ ಇಳಿಸಿ. ಕೋಶಗಳನ್ನು 1 ಮಿಲಿ ನೀರಿಗೆ ಎತ್ತಿಕೊಂಡು 100 ಮೈಕ್ರೊಲೀಟರಿನಂತೆ ಹಂಚಿದರೆ ಒಂದೊಂದು ಟ್ಯೂಬಿನಲ್ಲಿ ಸುಮಾರು 10 ಕೋಟಿ ಕೋಶ. ಮತ್ತೊಮ್ಮೆ ತಿರುಗಿಸಿ ನೀರನ್ನು ಪೂರ್ತಿ ತೆಗೆಯಿರಿ. ಉಳಿದ ನೀರು ಪೆಗ್ಗನ್ನು ತೆಳುಮಾಡುತ್ತದೆ.

ಈಗ ಪ್ರತಿ ಟ್ಯೂಬಿಗೆ, ಈ ಕ್ರಮದಲ್ಲೇ: ಪೆಗ್ 240 ಮೈಕ್ರೊಲೀಟರ್, ಲಿಥಿಯಂ ಅಸಿಟೇಟ್ 36, ಕ್ಯಾರಿಯರ್ 50, ಪ್ಲಾಸ್ಮಿಡ್ ಮತ್ತು ನೀರು ಸೇರಿ 34. ಒಟ್ಟು 360. ಪೆಗ್ ಮೊದಲು ಬೀಳಬೇಕು ಎನ್ನುವುದಕ್ಕೆ ಕಾರಣವಿದೆ, ಸಾಂದ್ರ ಲಿಥಿಯಂ ನೇರವಾಗಿ ಕೋಶಗಳಿಗೆ ತಗುಲಿದರೆ ಪೆಟ್ಟಾಗುತ್ತದೆ, ಪೆಗ್ ಅದನ್ನು ತಡೆಯುತ್ತದೆ. ಪೆಗ್ ಜೇನಿನಷ್ಟು ಮಂದ. ಪಿಪೆಟ್ಟಿನಲ್ಲಿ ಸರ್ರನೆ ಎಳೆದರೆ 240ರ ಬದಲು 200 ಬರುತ್ತದೆ, ಒಳಗೆ ಗಾಳಿ ತುಂಬಿರುತ್ತದೆ. ತುದಿಯನ್ನು ಸ್ವಲ್ಪ ಕತ್ತರಿಸಿ ನಿಧಾನವಾಗಿ ಎಳೆಯಿರಿ, ನಿಧಾನವಾಗಿ ಬಿಡಿ. ಟ್ಯೂಬು ಹೆಚ್ಚಿದ್ದರೆ ಪೆಗ್, ಲಿಥಿಯಂ, ಕ್ಯಾರಿಯರ್ ಮೂರನ್ನೂ ಒಟ್ಟಿಗೆ ಕಲಸಿಟ್ಟುಕೊಂಡು 326ರಂತೆ ಹಾಕುವುದು ಉತ್ತಮ. ಪ್ಲಾಸ್ಮಿಡ್ 100 ನ್ಯಾನೊಗ್ರಾಂ ಸಾಕು. ಕತ್ತರಿಸಿ ವರ್ಣತಂತುವಿಗೆ ಸೇರಿಸುವುದಾದರೆ 1 ಮೈಕ್ರೊಗ್ರಾಂ ಹಾಕಿ. ಮುದ್ದೆ ಪೂರ್ತಿ ಬಿಡಿಯಾಗುವವರೆಗೆ ವೋರ್ಟೆಕ್ಸ್ ಮಾಡಿ. ತಳದಲ್ಲಿ ಗಂಟು ಉಳಿದರೆ ಆ ಕೋಶಗಳಿಗೆ ಡಿಎನ್‌ಎ ಮುಟ್ಟುವುದೇ ಇಲ್ಲ.

42 ಡಿಗ್ರಿಯಲ್ಲಿ 40 ನಿಮಿಷ. ಇದು ಎಲ್ಲ ತಳಿಗೂ ಒಂದೇ ಅಲ್ಲ, ಕೆಲವಕ್ಕೆ 20, ಕೆಲವಕ್ಕೆ 60. ಹೊಸ ತಳಿಯಾದರೆ ಮೂರು ಅವಧಿಗಳಲ್ಲಿ ಮೊದಲು ಪರೀಕ್ಷಿಸಿ. ಶಾಖ ತಾಳದ ವಿಕೃತ ತಳಿಗಳಲ್ಲಿ ಇದನ್ನು ಇನ್ನೂ ಜೋಪಾನವಾಗಿ ನೋಡಬೇಕು.

ಆಮೇಲೆ 13,000 ಜಿಯಲ್ಲಿ 30 ಸೆಕೆಂಡು ತಿರುಗಿಸಿ ಮಿಶ್ರಣವನ್ನು ತೆಗೆದುಹಾಕಿ, 1 ಮಿಲಿ ಶುದ್ಧ ನೀರು ಹಾಕಿ. ಇಲ್ಲಿ ಮಾತ್ರ ಕೈ ಹಗುರವಾಗಿರಲಿ. ಶಾಖ ತಿಂದ ಕೋಶಗಳು ದುರ್ಬಲ, ತುದಿಯಿಂದ ಮೆಲ್ಲಗೆ ಕದಡಿ ಎತ್ತಿ. ಪೋಷಕಾಂಶದ ಮಾರ್ಕರಾದರೆ ನೇರವಾಗಿ ಹರಡಬಹುದು. ಪ್ರತಿಜೀವಕದ ಮಾರ್ಕರಾದರೆ ನೀರಿನ ಬದಲು ವೈಪಿಡಿಯಲ್ಲಿ 2ರಿಂದ 3 ತಾಸು 30 ಡಿಗ್ರಿಯಲ್ಲಿ ಬೆಳೆಯಲು ಬಿಡಲೇಬೇಕು. ತಡೆಯುವ ಪ್ರೋಟೀನು ತಯಾರಾಗುವ ಮುನ್ನ ಔಷಧಕ್ಕೆ ಒಡ್ಡಿದರೆ ಪ್ಲಾಸ್ಮಿಡ್ ಪಡೆದ ಕೋಶವೂ ಸಾಯುತ್ತದೆ.

ಒಂದೇ ತಟ್ಟೆಗೆ ಎಲ್ಲವನ್ನೂ ಸುರಿಯಬೇಡಿ. 10 ಮೈಕ್ರೊಲೀಟರ್ ಒಂದಕ್ಕೆ, 100 ಇನ್ನೊಂದಕ್ಕೆ. 10ರಂಥ ಸಣ್ಣ ಅಳತೆಯನ್ನು ತಟ್ಟೆಯ ಮೇಲೆ 100 ಮೈಕ್ರೊಲೀಟರ್ ನೀರಿನ ಹನಿಯೊಳಗೆ ಬಿಟ್ಟು ಗಾಜಿನ ಮಣಿಗಳಿಂದ ಹರಡಿ. ಜೊತೆಗೆ ಮೂರು ತಟ್ಟೆ ತಪ್ಪದೆ ಇರಬೇಕು: ಡಿಎನ್‌ಎ ಇಲ್ಲದ್ದು, ಖಾಲಿ ವಾಹಕ ಹಾಕಿದ್ದು, ಬದುಕಿದ ಕೋಶಗಳ ಲೆಕ್ಕಕ್ಕೆ ವೈಪಿಡಿ ತಟ್ಟೆ. ಕೊನೆಯದಕ್ಕೆ 1 ಲಕ್ಷ ಪಟ್ಟು ತೆಳುಮಾಡಿ 100 ಮೈಕ್ರೊಲೀಟರ್ ಹರಡಿದರೆ, ಎಲ್ಲ ಕೋಶಗಳೂ ಬದುಕಿದ್ದಲ್ಲಿ ಸುಮಾರು 100 ಕಾಲೊನಿ ಬರಬೇಕು.

ಕಾಯುವ ದಿನಗಳು

30 ಡಿಗ್ರಿಯಲ್ಲಿ ತಲೆಕೆಳಗಾಗಿ ಇಟ್ಟ ತಟ್ಟೆಗಳಲ್ಲಿ ಮಾರನೆಯ ದಿನ ಏನೂ ಕಾಣುವುದಿಲ್ಲ. ಎರಡನೆಯ ದಿನ ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕಿಗಳು. ಆರಿಸಲು ತಕ್ಕ ಗಾತ್ರಕ್ಕೆ ಬರಲು ಮೂರು ನಾಲ್ಕು ದಿನ ಬೇಕು. ಬ್ಯಾಕ್ಟೀರಿಯಾದ ವೇಗಕ್ಕೆ ಒಗ್ಗಿದವರಿಗೆ ಈ ನಿಧಾನ ಆತಂಕ ಹುಟ್ಟಿಸುತ್ತದೆ, ಎರಡನೆಯ ದಿನವೇ ಕೆಲಸ ಕೆಟ್ಟಿತೆಂದು ತಟ್ಟೆ ಎಸೆಯುವ ಮನಸ್ಸಾಗುತ್ತದೆ. ನಾಲ್ಕನೆಯ ದಿನದವರೆಗೆ ಎಸೆಯಬೇಡಿ.

ಲೆಕ್ಕ ಹೀಗೆ: 100 ನ್ಯಾನೊಗ್ರಾಂ ಹಾಕಿದ್ದೀರಿ, 1 ಮಿಲಿಯಲ್ಲಿ 10 ಮೈಕ್ರೊಲೀಟರ್ ಹರಡಿದ ತಟ್ಟೆಯಲ್ಲಿ 150 ಕಾಲೊನಿ ಬಂದಿವೆ ಎನ್ನಿ. ಒಟ್ಟು 15,000, ಮೈಕ್ರೊಗ್ರಾಂಗೆ ಒಂದೂವರೆ ಲಕ್ಷ. ಚೆನ್ನಾಗಿ ಪಳಗಿದ ತಳಿಯಲ್ಲಿ ಇದು 10 ಲಕ್ಷದವರೆಗೂ ಹೋಗುತ್ತದೆ. ವರ್ಣತಂತುವಿಗೆ ಸೇರುವ ಡಿಎನ್‌ಎಗೆ ಈ ಅಳತೆ ಅನ್ವಯಿಸದು, ಅಲ್ಲಿ ಕೆಲವು ಹತ್ತು ಕಾಲೊನಿಗಳೇ ಒಳ್ಳೆಯ ಫಸಲು.

ಕಾಲೊನಿಯೇ ಇಲ್ಲದಿದ್ದರೆ ಮೂರು ತಟ್ಟೆಗಳು ಮಾತಾಡುತ್ತವೆ. ವೈಪಿಡಿ ತಟ್ಟೆಯೂ ಬರಿದಾಗಿದ್ದರೆ ಕೋಶ ಸತ್ತಿವೆ, ಶಾಖದ ಅವಧಿ ನೋಡಿ. ವೈಪಿಡಿಯಲ್ಲಿ ಬಂದು ಖಾಲಿ ವಾಹಕದ್ದೂ ಬರದಿದ್ದರೆ ಪೆಗ್, ಕ್ಯಾರಿಯರ್ ಅಥವಾ ಆಯ್ಕೆಯ ತಟ್ಟೆಯ ಮೇಲೆ ಅನುಮಾನ. ಡ್ರಾಪ್‌ಔಟ್ ಪುಡಿಯಲ್ಲಿ ತಳಿಗೆ ಬೇಕಾದ ಇನ್ನೊಂದು ಪೋಷಕಾಂಶವೂ ಇಲ್ಲದಿರುವುದು ಆಗಾಗ ಕಾಣುವ ಕಾರಣ. ಖಾಲಿ ವಾಹಕ ಬಂದು ನಿಮ್ಮದು ಮಾತ್ರ ಬರದಿದ್ದರೆ, ನೀವು ಹಾಕಿದ ಜೀನು ಯೀಸ್ಟಿಗೆ ವಿಷವಾಗಿರಬಹುದು. ಗ್ಯಾಲಕ್ಟೋಸ್ ಕೊಟ್ಟಾಗ ಮಾತ್ರ ಚಾಲೂ ಆಗುವ ಪ್ರಮೋಟರಿನ ಕೆಳಗಿಟ್ಟು, ಗ್ಲೂಕೋಸ್ ತಟ್ಟೆಯಲ್ಲಿ ಆರಿಸಿ ನೋಡಿ.

ಕಾಲೊನಿ ಬಂದ ಮೇಲೆ

ತಟ್ಟೆಯಿಂದ ನೇರ ಪ್ರಯೋಗಕ್ಕೆ ಹೋಗಬೇಡಿ. ಸುತ್ತಲೂ ಪ್ಲಾಸ್ಮಿಡ್ ಇಲ್ಲದ ಕೋಶಗಳು ಸಾಯದೆ ಸುಮ್ಮನೆ ಕೂತಿರುತ್ತವೆ. ಜೊತೆಗೆ ಒಂದೇ ಕೋಶಕ್ಕೆ ಎರಡು ಬೇರೆ ಪ್ಲಾಸ್ಮಿಡ್‌ಗಳು ಹೊಕ್ಕಿರಲೂಬಹುದು, ಲೈಬ್ರರಿಯಲ್ಲಿ ಇದು ತುಂಬ ಗೊಂದಲ ಹುಟ್ಟಿಸುತ್ತದೆ. ಹೊಸ ಆಯ್ಕೆಯ ತಟ್ಟೆಯಲ್ಲಿ ಗೆರೆ ಎಳೆದು ಬಿಡಿ ಕಾಲೊನಿ ಪಡೆಯಿರಿ. ಇದಕ್ಕೆ ಇನ್ನೂ ಎರಡು ಮೂರು ದಿನ.

ಪಿಸಿಆರ್ ಪರೀಕ್ಷೆಗೆ ಕಾಲೊನಿಯ ತೀರ ಸಣ್ಣ ಚೂರನ್ನು 20 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ 95 ಡಿಗ್ರಿಗೆ 10 ನಿಮಿಷ ಇಟ್ಟು, ತಿರುಗಿಸಿ, ಮೇಲಿನ ದ್ರವದ 1 ಮೈಕ್ರೊಲೀಟರ್ ಬಳಸಿ. ಹೆಚ್ಚು ಕೋಶ ತೆಗೆದುಕೊಂಡರೆ ಅದೇ ಪಿಸಿಆರಿಗೆ ಅಡ್ಡಿ. ಪ್ಲಾಸ್ಮಿಡ್ಡನ್ನೇ ಹೊರತೆಗೆಯಬೇಕಿದ್ದರೆ ಗಾಜಿನ ಮಣಿಗಳಿಂದ ಕೋಶ ಒಡೆದು, ಸಿಕ್ಕಿದ ಅಲ್ಪ ಡಿಎನ್‌ಎಯನ್ನು ಒಳ್ಳೆಯ ದಕ್ಷತೆಯ ಇ. ಕೋಲಿಗೆ ಸೇರಿಸಿ ಅಲ್ಲಿಂದ ಮಿನಿಪ್ರೆಪ್ ಮಾಡಬೇಕು. ಯೀಸ್ಟಿನಿಂದ ಬರುವ ಪ್ರಮಾಣ ಜೆಲ್ಲಿನಲ್ಲಿ ಕಾಣುವಷ್ಟಿರುವುದಿಲ್ಲ.

ಕಂಡ ಗುಣ ಪ್ಲಾಸ್ಮಿಡ್ಡಿನಿಂದಲೇ ಬಂದದ್ದೇ ಎಂಬುದಕ್ಕೆ ನಮಗೆ ಬಲು ಮೆಚ್ಚಿಕೆಯಾದ ಪರೀಕ್ಷೆ ಯೂರಾ3 ಮಾರ್ಕರಿನಲ್ಲಿದೆ. ಆಯ್ಕೆ ಇಲ್ಲದ ವೈಪಿಡಿಯಲ್ಲಿ ಒಂದು ರಾತ್ರಿ ಬೆಳೆಸಿದರೆ ಕೆಲವು ಕೋಶಗಳು ಪ್ಲಾಸ್ಮಿಡ್ ಕಳೆದುಕೊಳ್ಳುತ್ತವೆ. ಅದನ್ನು ಲೀಟರಿಗೆ 1 ಗ್ರಾಂ 5-ಎಫ್‌ಒಎ ಎಂಬ ರಾಸಾಯನಿಕ ಮತ್ತು 50 ಮಿಲಿಗ್ರಾಂ ಯೂರಾಸಿಲ್ ಇರುವ ತಟ್ಟೆಗೆ ಹರಡಿದರೆ, ಯೂರಾ3 ಉಳಿಸಿಕೊಂಡವು ಸಾಯುತ್ತವೆ, ಕಳೆದುಕೊಂಡವು ಬದುಕುತ್ತವೆ. ಪ್ಲಾಸ್ಮಿಡ್ ಹೋದಾಗ ಗುಣವೂ ಹೋದರೆ ನಂಬಬಹುದು. ಗುಣ ಉಳಿದರೆ ಅದು ವರ್ಣತಂತುವಿನ ಬೇರಾವುದೋ ಬದಲಾವಣೆ. 5-ಎಫ್‌ಒಎ ಈ ಕೆಲಸದ ದುಬಾರಿ ಸಾಮಗ್ರಿಗಳಲ್ಲೊಂದು, ಆಟೋಕ್ಲೇವ್ ಮಾಡಲು ಬಾರದು. ಬೇಕಾದಷ್ಟೇ ತಟ್ಟೆಗೆ ಲೆಕ್ಕ ಹಾಕಿ ಮಾಡಿಕೊಳ್ಳಿ.

ಖಾತ್ರಿಯಾದ ತಳಿಯನ್ನು ಆಯ್ಕೆಯ ಮಾಧ್ಯಮದಲ್ಲೇ ಬೆಳೆಸಿ, ವೈಪಿಡಿಯಲ್ಲಿ ಅಲ್ಲ, ಶೇ 20ರಷ್ಟು ಗ್ಲಿಸರಾಲ್ ಸೇರಿಸಿ ಮೈನಸ್ 80ರಲ್ಲಿಡಿ. ಟ್ಯೂಬಿನ ಮೇಲೆ ಪ್ಲಾಸ್ಮಿಡ್ ಹೆಸರಿನ ಜೊತೆ ಮೂಲ ತಳಿಯ ಹೆಸರನ್ನೂ ಮಾರ್ಕರನ್ನೂ ಬರೆಯಿರಿ. ಸಿದ್ಧಪಡಿಸಿದ ಕೋಶಗಳು ಮಿಕ್ಕಿದ್ದರೆ ಅವನ್ನೂ ಉಳಿಸಿಕೊಳ್ಳಬಹುದು: ಶೇ 5 ಗ್ಲಿಸರಾಲ್, ಶೇ 10 ಡಿಎಂಎಸ್‌ಒ ಇರುವ ದ್ರಾವಣದಲ್ಲಿ ಹಂಚಿ, ಥರ್ಮಾಕೋಲ್ ಪೆಟ್ಟಿಗೆಯೊಳಗಿಟ್ಟು ಮೈನಸ್ 80ಕ್ಕೆ ಸೇರಿಸಿ. ನಿಧಾನವಾಗಿ ಹೆಪ್ಪುಗಟ್ಟಬೇಕು. ದ್ರವ ಸಾರಜನಕದಲ್ಲಿ ಅದ್ದಿದರೆ ಯೀಸ್ಟ್ ಕೋಶಗಳು ಕೆಡುತ್ತವೆ. ಉಳಿದ ತಟ್ಟೆ, ತುದಿ, ತೊಳೆದ ನೀರೆಲ್ಲ ಆಟೋಕ್ಲೇವಿಗೆ. ಅದನ್ನು ದಾಖಲೆ ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆದಿಡಿ, ಸುರಕ್ಷತಾ ಸಮಿತಿಯ ಮುಂದಿನ ಪರಿಶೀಲನೆಯಲ್ಲಿ ಕೇಳುವುದು ಅದನ್ನೇ.